ಅಪ್ಪನ ಅಂಗಡಿಯ ಏಳು ಖಾನೆಗಳು

ಚಿಕ್ಕಪೇಟೆ ಹತ್ತಿರದ ಒಂದು ಸಂದಿಯಲ್ಲಿ ನಮ್ಮಪ್ಪನ ಗ್ರಂಥಿಗೆ ಅಂಗಡಿ ಇತ್ತು. ಅಂಥ ಅಂಗಡಿ ನೋಡಿದವರಿಗೆ ಗೊತ್ತಿರುತ್ತದೆ, ಗಲ್ಲಾಪೆಟ್ಟಿಗೆಯ ಹಿಂದೆ ಗೋಡೆ ತುಂಬ ಪುಟ್ಟ ಪುಟ್ಟ ಖಾನೆಗಳು. ನಮ್ಮದರಲ್ಲಿ 32 ಇದ್ದವು. ನಾಲ್ಕು ಸಾಲು, ಸಾಲಿಗೆ ಎಂಟು. ಬಜೆ, ಹಿಪ್ಪಲಿ, ಅತಿಮಧುರ, ಅಳಲೆಕಾಯಿ, ಜಾಕಾಯಿ, ಲಾವಂಚ. ಅಪ್ಪ ಗಿರಾಕಿಯ ಮುಖ ನೋಡಿ ಮಾತಾಡುತ್ತಲೇ ಕೈ ಹಿಂದಕ್ಕೆ ಚಾಚಿ ಬೇಕಾದ ಖಾನೆ ಎಳೆಯುತ್ತಿದ್ದರು. ಒಂದು ದಿನವೂ ತಪ್ಪಿದ್ದು ನಾನು ನೋಡಿಲ್ಲ.

ಅಂಗಡಿ ಬಿಟ್ಟುಕೊಟ್ಟು ಮೂರು ವರ್ಷ ಆಯಿತು. ಖಾನೆಗಳ ಬೀರು ಮಾತ್ರ ರಾಜಾಜಿನಗರದ ನಮ್ಮ ಮನೆಗೆ ಬಂತು. ಅದರಲ್ಲಿ ಐದು ಖಾನೆ ಇರಲೇ ಇಲ್ಲ. ಯಾವ ಕಾಲದಲ್ಲಿ ಹೋದವೋ ಅಪ್ಪನಿಗೂ ನೆನಪಿಲ್ಲ. ಇನ್ನೆರಡು ಇದ್ದೂ ಇಲ್ಲದ ಹಾಗೆ, ಪಕ್ಕದ ಹಲಗೆ ಸೀಳಿ ತಳ ಕಳಚಿ ಹೋಗಿತ್ತು. ಅಪ್ಪ ಆ ಬಗ್ಗೆ ಏನೂ ಹೇಳುತ್ತಿರಲಿಲ್ಲ. ಆದರೆ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ಎದುರಿಗೇ ಕೂರುತ್ತಿದ್ದರು.

ಮೊದಲು ನಮ್ಮ ಬೀದಿಯ ಕಾರ್ಪೆಂಟರ್‌ನ ಕರೆಸಿದೆ. ಒಳ್ಳೆ ಕೆಲಸಗಾರ, ನಮ್ಮ ಅಡುಗೆಮನೆ ಪೂರ್ತಿ ಅವನೇ ಮಾಡಿದ್ದು. ನೋಡಿದ ತಕ್ಷಣ ಹೇಳಿದ, "ಅಕ್ಕಾ, ಪ್ಲೈವುಡ್‌ನಲ್ಲಿ ಮಾಡಿ ಚಾನೆಲ್ ಹಾಕಿಬಿಡ್ತೀನಿ. ಎರಡು ದಿನದ ಕೆಲಸ." ಖಾನೆ ಜಾರಲಿ ಅಂತ ಎರಡೂ ಪಕ್ಕಕ್ಕೆ ಹಾಕುವ ಲೋಹದ ಪಟ್ಟಿ, ಟೆಲಿಸ್ಕೋಪಿಕ್ ಚಾನೆಲ್‌ಗೆ ಒಂದೊಂದು ಪಕ್ಕಕ್ಕೂ ಸುಮಾರು 13 ಮಿಲಿಮೀಟರ್ ಜಾಗ ಬೇಕು. ನಮ್ಮ ಖಾನೆಯ ಬಾಯಿಯ ಅಗಲವೇ 140 ಮಿಲಿಮೀಟರ್. ಚಾನೆಲ್ಲು, ಪ್ಲೈವುಡ್ ದಪ್ಪ ಎರಡೂ ಕಳೆದರೆ ಒಳಗೆ ಕೈ ಹಾಕುವುದೇ ಕಷ್ಟ. ಅವನಿಗೇ ಅದು ಅರ್ಥವಾಯಿತು. ಹಳೇ ಖಾನೆಯೊಂದನ್ನು ಎಳೆದು ಮೂಲೆಯ ಜೋಡಣೆ ನೋಡಿ, "ಇದು ಕೈಕೆಲಸ ಅಕ್ಕಾ, ನಮಗೆ ಬರಲ್ಲ. ಶ್ರೀರಾಮಪುರದಲ್ಲಿ ಒಬ್ಬರು ಆಚಾರ್ರು ಇದಾರೆ, ಅವರನ್ನ ಕೇಳಿ" ಅಂದ.

ಆಚಾರ್ರಿಗೆ ಎಪ್ಪತ್ತು ದಾಟಿದೆ. ದೇವರ ಮಂಟಪ, ಬಾಗಿಲು, ತೊಟ್ಟಿಲು ಮಾಡುತ್ತಾರೆ. ಖಾನೆ ಮಾಡಿಕೊಡಿ ಅಂತ ಕೇಳಲು ಹೋದವಳು ನಾನು. ಅಲ್ಲಿ ಅವರು ನೆಲದ ಮೇಲೆ ಕೂತು, ಎರಡು ಪಾದದ ನಡುವೆ ಹಲಗೆ ಸಿಕ್ಕಿಸಿಕೊಂಡು, ಉಳಿಯಲ್ಲಿ ಒಂದೇ ಸಮ ಮರದ ಸಿಪ್ಪೆ ತೆಗೆಯುತ್ತಿದ್ದರು. ಅರ್ಧ ಗಂಟೆ ನಿಂತು ನೋಡಿದೆ. ಬಾಯಿಂದ ಬಂದಿದ್ದು ಬೇರೆಯೇ ಮಾತು.

"ನನಗೆ ಇದನ್ನ ಕಲಿಸ್ತೀರಾ ಆಚಾರ್ರೇ?"

"ಮೇಡಂ, ನೀವು ಕಲಿತು ಏನ್ ಮಾಡ್ತೀರಾ?"

"ಏಳು ಖಾನೆ ಮಾಡಬೇಕು."

ಅವರು ನಗಲಿಲ್ಲ. ನಾನು ತೆಗೆದುಕೊಂಡು ಹೋಗಿದ್ದ ಮುರಿದ ಖಾನೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೂಗಿನ ಹತ್ತಿರ ಹಿಡಿದು, "ತೇಗ. ಒಳ್ಳೆ ಚೇಗು" ಅಂದರು. ಚೇಗು ಅಂದರೆ ಮರದ ಒಳಗಿನ ಗಟ್ಟಿ ಭಾಗ. ಭಾನುವಾರ ಬೆಳಿಗ್ಗೆ ಏಳಕ್ಕೆ ಬನ್ನಿ ಅಂದರು.

ಮೊದಲ ಮೂರು ಭಾನುವಾರ ಗರಗಸ ಮುಟ್ಟಲೇ ಇಲ್ಲ. ಬರೀ ಸಾಣೆ. ಕೆ.ಆರ್. ಮಾರ್ಕೆಟ್ ಕಡೆಯ ಸಂಡೇ ಬಜಾರ್‌ನಲ್ಲಿ ಹಳೇ ಉಳಿ ಎರಡು, ಎಸ್‌ಜೆಪಿ ರಸ್ತೆಯಲ್ಲಿ 6 ಮಿಲಿಮೀಟರ್‌ದು ಹೊಸದು ಒಂದು ತಗೊಂಡಿದ್ದೆ. ಹೊಸ ಉಳಿ ಅಂದರೆ ಹರಿತವಾಗೇ ಬರುತ್ತದೆ ಅಂದುಕೊಂಡಿದ್ದೆ. ಅಂಗಡಿಯಿಂದ ಬಂದ ಉಳಿ ಅರ್ಧ ಮಾಡಿಟ್ಟ ಅಡುಗೆ ಇದ್ದ ಹಾಗೆ, ಮಿಕ್ಕಿದ್ದು ನಾವೇ ಮಾಡಿಕೊಳ್ಳಬೇಕು. ಮೊದಲು ಹಿಂಬದಿಯನ್ನು ಸಾಣೆಕಲ್ಲಿನ ಮೇಲೆ ಸಪಾಟು ಮಾಡಬೇಕು, ತುದಿಯ ಒಂದಿಂಚು ಕನ್ನಡಿಯ ಹಾಗೆ ಹೊಳೆಯುವ ತನಕ. ಆಮೇಲೆ ಇಳಿಜಾರಿನ ಮುಖ, 25ರಿಂದ 30 ಡಿಗ್ರಿ. ಎರಡೂ ಮುಖ ಸೇರುವ ಕಡೆ ಕೂದಲಿಗಿಂತ ತೆಳ್ಳಗೆ ಒಂದು ಅಂಚು ಏಳುತ್ತದೆ. ಬೆರಳ ತುದಿಗೆ ಗರಗರ ಅಂತ ಸಿಗುತ್ತದೆ. ಅದು ಉದ್ದಕ್ಕೂ ಸಿಕ್ಕರೆ ಮಾತ್ರ ತುದಿಯ ತನಕ ಸಾಣೆ ತಾಗಿದೆ ಅಂತ ಲೆಕ್ಕ. ಆಮೇಲೆ ನುಣುಪು ಕಲ್ಲು, ಕೊನೆಗೆ ಚರ್ಮದ ಪಟ್ಟಿ. ಆ ಅಂಚು ಅಲ್ಲಿಗೆ ಉದುರಿಹೋಗುತ್ತದೆ.

ಹರಿತ ಆಯಿತೋ ಇಲ್ಲವೋ ನೋಡಲು ಆಚಾರ್ರು ಕೊಡುತ್ತಿದ್ದದ್ದು ಪೈನ್ ಮರದ ತುಂಡು. ಪೈನ್ ಮೆತ್ತಗಿರುತ್ತೆ, ಸುಲಭ ಅಲ್ವಾ ಅಂತ ನನಗನ್ನಿಸಿತ್ತು. ಆದರೆ ಮರದ ಎಳೆಗೆ ಅಡ್ಡವಾಗಿ, ತುದಿಯ ಕಡೆಯಿಂದ ಕೊಯ್ಯುವಾಗ ಮೆತ್ತನೆ ಮರವೇ ಕಷ್ಟ. ಮೊಂಡು ಉಳಿ ಅದನ್ನು ಕೊಯ್ಯುವುದಿಲ್ಲ, ಜಜ್ಜುತ್ತದೆ. ಮೂರನೇ ಭಾನುವಾರ ನನ್ನ ಉಳಿ ಮೊದಲ ಸಲ ಪೈನಿನ ತುದಿಯಿಂದ ಈರುಳ್ಳಿ ಪೊರೆಯಂಥ ಸಿಪ್ಪೆ ತೆಗೆಯಿತು. ಕೊಯ್ದ ಜಾಗ ಮೇಣ ಹಚ್ಚಿದ ಹಾಗೆ ಮಿಂಚುತ್ತಿತ್ತು. ಅವತ್ತು ಆಚಾರ್ರು "ಮೇಡಂ" ಬಿಟ್ಟು "ನೋಡಮ್ಮ" ಅಂತ ಶುರು ಮಾಡಿದರು.

ಆ ಪೈನ್ ಬರುತ್ತಿದ್ದದ್ದು ಪೀಣ್ಯದ ಫ್ಯಾಕ್ಟರಿಗಳಿಗೆ ಮೆಷಿನ್ ತುಂಬಿ ಬಂದ ಪೆಟ್ಟಿಗೆಗಳಿಂದ. ಕಲಿಯಲು ಅದಕ್ಕಿಂತ ಅಗ್ಗದ ಮರ ಇಲ್ಲ. ತಗೊಳ್ಳುವವರು ಹಲಗೆಯ ಮೇಲಿನ ಸೀಲು ನೋಡಿ ತಗೊಳ್ಳಿ. ಎಚ್‌ಟಿ ಅಂತಿದ್ದರೆ ಬಿಸಿ ಮಾಡಿ ಹುಳ ಸಾಯಿಸಿದ ಮರ. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಹೊಗೆ ಹಾಕಿದ್ದು. ಅದನ್ನು ಮನೆಗೆ ತರಬೇಡಿ.

ಗರಗಸದ ಪಾಠ ಒಂದು ತಿಂಗಳು ನಡೆಯಿತು. ಹಲಗೆಯ ತುದಿಗೆ ಹತ್ತು ಹತ್ತು ಗೆರೆ ಎಳೆದು ಕೊಯ್ಯುವುದು, ಆ ಭಾಗ ಕತ್ತರಿಸಿ ಬಿಸಾಕುವುದು, ಮತ್ತೆ ಹತ್ತು. ತೋರುಬೆರಳು ಗರಗಸದ ಪಕ್ಕಕ್ಕೆ ಚಾಚಿರಬೇಕು. ಮೊಣಕೈ, ಮಣಿಕಟ್ಟು, ಗರಗಸ ಒಂದೇ ನೇರಕ್ಕೆ. ಬಿಗಿಯಾಗಿ ಹಿಡಿದರೆ ಗರಗಸ ಓಡುವುದಿಲ್ಲ, ಹಕ್ಕಿಮರಿ ಹಿಡಿದ ಹಾಗೆ ಹಿಡಿಯಬೇಕು. ನನಗೆ ನೆಲದ ಮೇಲೆ ಕೂತು ಕಾಲಲ್ಲಿ ಹಿಡಿಯುವುದು ಬರಲಿಲ್ಲ, ಸೊಂಟ ಒಪ್ಪಲಿಲ್ಲ. ನಮ್ಮ ತಾರಸಿಯ ಮೇಲೆ ಒಂದು ಗಟ್ಟಿ ಮೇಜಿಗೆ ಹಲಗೆ ಕಚ್ಚಿ ಹಿಡಿಯುವ ವೈಸ್ ಹಾಕಿಸಿಕೊಂಡೆ. ಅಲ್ಲಿಂದ ಮುಂದೆ ದಿನಾ ಸ್ಕೂಲಿಂದ ಬಂದ ಮೇಲೆ ಮುಕ್ಕಾಲು ಗಂಟೆ ಅಭ್ಯಾಸ, ಭಾನುವಾರ ಆಚಾರ್ರ ಹತ್ತಿರ ಪರೀಕ್ಷೆ.

ಜೋಡಣೆಗಳ ವಿಷಯಕ್ಕೆ ಬರುತ್ತೇನೆ. ಎರಡು ಹಲಗೆ ಮೂಲೆಯಲ್ಲಿ ಸುಮ್ನೆ ತಾಗಿಸಿ ಮೊಳೆ ಹೊಡೆದರೂ ಪೆಟ್ಟಿಗೆ ಆಗುತ್ತದೆ. ಆದರೆ ಮರದ ತುದಿಯ ಕಡೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಸ್ಟ್ರಾಗಳ ಕಟ್ಟಿನ ತುದಿಗೆ ಅಂಟು ಹಚ್ಚಿದ ಹಾಗೆ, ಅದು ಒಳಕ್ಕೆ ಎಳೆದುಕೊಂಡುಬಿಡುತ್ತದೆ. ಎಳೆಯ ಪಕ್ಕಕ್ಕೆ ಎಳೆಯ ಪಕ್ಕ ತಾಗಿದರೆ ಮಾತ್ರ ಗಟ್ಟಿ ಹಿಡಿತ. ಮೂಲೆಯಲ್ಲಿ ಅಂಥ ಪಕ್ಕಗಳು ಎಷ್ಟು ಜಾಸ್ತಿ ತಾಗುತ್ತವೋ ಅಷ್ಟು ಭದ್ರ. ಎರಡೂ ಕೈಯ ಬೆರಳು ಹೆಣೆದ ಹಾಗಿರುವ ಬಾಕ್ಸ್ ಜಾಯಿಂಟ್ ಅದಕ್ಕೇ ಇರುವುದು. ಒಂದು ತಿಂಗಳಲ್ಲಿ ಅದು ಕೈಗೆ ಬಂತು. ಅದರಲ್ಲಿ ಒಂದು ಮಸಾಲೆ ಪೆಟ್ಟಿಗೆ ಮಾಡಿದೆ, ಇವತ್ತಿಗೂ ಅಡುಗೆಮನೆಯಲ್ಲಿದೆ.

ಖಾನೆಗೆ ಅದು ಸಾಲದು. ಖಾನೆಯನ್ನು ದಿನಕ್ಕೆ ಐವತ್ತು ಸಲ ಮುಂದಕ್ಕೆ ಎಳೆಯುತ್ತೇವೆ. ಎಳೆತ ಎಲ್ಲ ಮುಂದಿನ ಹಲಗೆಯ ಮೂಲೆಗೆ. ಬೆರಳು ಹೆಣೆದ ಜೋಡಣೆಯಲ್ಲಿ ಅಂಟು ಸೋತರೆ ಹಲಗೆ ಸೀದಾ ಕೈಗೆ ಬರುತ್ತದೆ. ಡವ್‌ಟೇಲ್‌ನಲ್ಲಿ ಹಾಗಾಗುವುದಿಲ್ಲ. ಪಾರಿವಾಳದ ಬಾಲದ ಹಾಗೆ ತುದಿಯಲ್ಲಿ ಅಗಲ, ಬುಡದಲ್ಲಿ ಸಣ್ಣ. ಆ ಬಾಲಗಳನ್ನು ಪಕ್ಕದ ಹಲಗೆಯಲ್ಲಿ ಕೊಯ್ಯಬೇಕು. ಮುಂದಿನ ಹಲಗೆಯಲ್ಲಿ ಅವಕ್ಕೆ ತಕ್ಕ ಗುಳಿ, ಗುಳಿಗಳ ಪಕ್ಕಕ್ಕೆ ನಿಲ್ಲುವ ತುಂಡುಗಳೇ ಪಿನ್ನುಗಳು. ಆಮೇಲೆ ಖಾನೆ ಎಷ್ಟು ಎಳೆದರೂ ಬಾಲ ಗುಳಿಯಿಂದ ಆಚೆ ಬರಲಾರದು, ಅಂಟೇ ಇಲ್ಲದಿದ್ದರೂ. ಬಾಲ ಯಾವ ಹಲಗೆಗೆ ಅನ್ನುವುದನ್ನು ಎಳೆತದ ದಿಕ್ಕೇ ತೀರ್ಮಾನ ಮಾಡುತ್ತದೆ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಡವ್‌ಟೇಲ್ ಅಂದ ತಕ್ಷಣ ಗ್ರಾಫ್ ಹಾಳೆ ತೆಗೆದೆ. ಗಟ್ಟಿ ಮರಕ್ಕೆ ಎಂಟಕ್ಕೆ ಒಂದು ಇಳಿಜಾರು, ಅಂದರೆ 7 ಡಿಗ್ರಿ ಆಸುಪಾಸು. ಮೆತ್ತನೆ ಮರಕ್ಕೆ ಆರಕ್ಕೆ ಒಂದು, ಸುಮಾರು ಒಂಬತ್ತೂವರೆ. ಬಾಲದ ಅಳತೆ, ಗುಳಿಯ ಅಳತೆ ಎಲ್ಲ ಅರ್ಧ ಮಿಲಿಮೀಟರ್‌ಗೆ ಲೆಕ್ಕ ಹಾಕಿದೆ. ಎರಡೂ ಹಲಗೆಗೆ ಆ ಅಳತೆಗಳನ್ನು ಬೇರೆ ಬೇರೆಯಾಗಿ ಗುರುತು ಮಾಡಿ ಕೊಯ್ದೆ. ಸೇರಿಸಿದರೆ ಒಂದು ಕಡೆ ಒಳಗೇ ಹೋಗದು, ಇನ್ನೊಂದು ಕಡೆ ಬೆಂಕಿಕಡ್ಡಿ ತೂರುವಷ್ಟು ಸಂದು. ಹೀಗೆ ನಾಲ್ಕು ಸಲ.

ಆಚಾರ್ರು ನನ್ನ ಗ್ರಾಫ್ ಹಾಳೆಯನ್ನು ಗೌರವದಿಂದಲೇ ನೋಡಿದರು. ಆಮೇಲೆ ಹೇಳಿದರು, "ಅಳತೆ ಒಂದು ಸಲ ಸಾಕಮ್ಮ. ಆಮೇಲೆ ಮರಕ್ಕೆ ಮರಾನೇ ಅಳತೆ."

ಅವರ ಹತ್ತಿರ ಇಳಿಜಾರಿಗೆ ಅಂತ ತಗಡಿನ ಒಂದು ಅಚ್ಚು ಇದೆ, ಡಿಗ್ರಿಯ ಮಾತೇ ಇಲ್ಲ. ಅಚ್ಚು ಇಟ್ಟು ಬಾಲ ಮಾತ್ರ ಗುರುತು ಮಾಡಿಕೊಂಡರು. ಬಾಲಗಳನ್ನು ಕೊಯ್ದು ಉಳಿಯಲ್ಲಿ ಚೊಕ್ಕ ಮಾಡಿದರು. ಕೊಯ್ದಾಗ ಸ್ವಲ್ಪ ಸೊಟ್ಟ ಆಗಿದ್ದರೂ ತಲೆ ಕೆಡಿಸಿಕೊಳ್ಳಲಿಲ್ಲ. ಮುಂದಿನ ಹಲಗೆಯನ್ನು ವೈಸ್‌ನಲ್ಲಿ ನೆಟ್ಟಗೆ ನಿಲ್ಲಿಸಿ, ಬಾಲದ ಹಲಗೆಯನ್ನು ಅದರ ತಲೆಯ ಮೇಲೆ ಮಲಗಿಸಿ, ಮೂಲೆಮಟ್ಟ ಇಟ್ಟು ಸರಿ ಮಾಡಿ, ಸಣ್ಣ ಚೂರಿಯಲ್ಲಿ ಬಾಲದ ಪಕ್ಕಕ್ಕೇ ಒತ್ತಿ ಗೆರೆ ಎಳೆದರು. ಬಾಲ ಹೇಗಿದೆಯೋ ಗುಳಿಯ ಗೆರೆ ಹಾಗೇ ಬಂತು. ಸೊಟ್ಟ ಇದ್ದರೆ ಸೊಟ್ಟದ ಜೊತೆಗೇ.

ನನಗೆ ಆ ಚೂರಿಯ ಗೆರೆ ದೊಡ್ಡ ವಿಷಯ. ಗೆರೆಗೆ ಉದ್ದ ಉಂಟು, ಅಗಲ ಇಲ್ಲ ಅಂತ ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಹೇಳುತ್ತಿದ್ದೇನೆ. ಬೋರ್ಡಿನ ಮೇಲೆ ಎಳೆಯುವುದು ಮಾತ್ರ ಅರ್ಧ ಸೆಂಟಿಮೀಟರ್ ದಪ್ಪದ ಸೀಮೆಸುಣ್ಣದ ಗೆರೆ. ಪೆನ್ಸಿಲ್ ಗೆರೆಗೂ ಅರ್ಧ ಮಿಲಿಮೀಟರ್ ಅಗಲ ಇರುತ್ತದೆ, ಅದರ ಈ ಕಡೆ ಕೊಯ್ಯಬೇಕೋ ಆ ಕಡೆಯೋ ಅನ್ನುವಲ್ಲೇ ಜೋಡಣೆ ಹಾಳಾಗುತ್ತದೆ. ಚೂರಿಯ ಗೆರೆಗೆ ನಿಜವಾಗಲೂ ಅಗಲ ಇಲ್ಲ. ಬೆಳಕಿಗೆ ಹಿಡಿದರೆ ಒಂದು ಕಡೆ ಮರ ಉಳಿಯಬೇಕು, ಇನ್ನೊಂದು ಕಡೆ ಹೋಗಬೇಕು, ನಡುವೆ ಏನೂ ಇಲ್ಲ. ಉಳಿಯ ತುದಿ ಅದರೊಳಗೆ ತಾನಾಗಿ ಕೂರುತ್ತದೆ, ಟಕ್ ಅಂತ ಸಣ್ಣ ಸದ್ದು ಬರುತ್ತದೆ. ಹೋಗಬೇಕಾದ ಭಾಗಕ್ಕೆ ಪೆನ್ಸಿಲಿನಲ್ಲಿ ಅಡ್ಡ ಗೀಟು ಹಾಕಿಕೊಂಡು, ಗರಗಸವನ್ನು ಆ ಕಡೆಗೇ ಇಟ್ಟು, ಗೆರೆ ಉಳಿಸಿ ಕೊಯ್ಯಬೇಕು.

ಅವತ್ತಿನ ಮೊದಲ ಪ್ರಯತ್ನವೇ ಕೊಡತಿಯಲ್ಲಿ ನಾಲ್ಕು ಪೆಟ್ಟು ಕೊಟ್ಟ ತಕ್ಷಣ ಒಳಗೆ ಕೂತಿತು. ಕೂರುವಾಗ ಸದ್ದು ಬದಲಾಗುತ್ತದೆ, ಮೊದಲು ಪೊಳ್ಳಾಗಿ, ಕೊನೆಗೆ ಗಟ್ಟಿಯಾಗಿ. ಮೂರು ಸಲ ಬಿಚ್ಚಿ ನೋಡಬಾರದು, ಸಡಿಲ ಆಗುತ್ತೆ ಅಂತ ಹೇಳಿದ್ದರೂ ನಾನು ಮನೆಗೆ ಬಂದು ಅಪ್ಪನ ಮುಂದೆ ಬಿಚ್ಚಿ ತೋರಿಸಿದೆ.

ಅಲ್ಲಿಂದ ದಿನಕ್ಕೊಂದು ಮೂಲೆ. ಆ ತಿಂಗಳು ಪೈನ್ ಮತ್ತು ಸಿಲ್ವರ್ ಓಕ್‌ನಲ್ಲಿ ಇಪ್ಪತ್ತಾರು ಮೂಲೆ ಮಾಡಿದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ನೆರಳಿಗೆ ಅಂತ ಬೆಳೆಸುವ ಮರ ಸಿಲ್ವರ್ ಓಕ್. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿ ತೇಗಕ್ಕಿಂತ ತುಂಬ ಕಡಿಮೆಗೆ ಸಿಗುತ್ತದೆ. ಒಂದೊಂದು ಮೂಲೆಯ ಮೇಲೂ ತಾರೀಖು ಬರೆದು ಸಾಲಾಗಿ ಇಟ್ಟೆ. ಹದಿನೈದನೆಯದರ ತನಕ ಸಂದುಗಳು. ಹದಿನಾರನೆಯದರಿಂದ ಕಡಿಮೆ ಆಗಿದ್ದು ಕಣ್ಣಿಗೇ ಕಾಣುತ್ತದೆ.

ಆಮೇಲೆ ಒಂದು ಭಾನುವಾರ ಆಚಾರ್ರು ಹೇಳಿದರು, "ಆ ಮುರಿದ ಖಾನೆ ತಗೊಂಡು ಬಾಮ್ಮ. ಬಿಚ್ಚೋಣ."

ನನಗೆ ಭಯ. ಅಷ್ಟು ಹಳೇ ಜೋಡಣೆ, ಮುರಿದರೆ? ಅವರು ಮೂಲೆಯಲ್ಲಿ ಕಂದು ಬಣ್ಣದ ಗಾಜಿನಂಥ ಹನಿ ತೋರಿಸಿದರು. ಮರವಜ್ರ. ಫೆವಿಕಾಲ್ ಬರುವ ಮುಂಚೆ ಎಲ್ಲ ಕೆಲಸಕ್ಕೂ ಅದೇ ಅಂಟು, ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ಮಾಡಿದ್ದು. ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಬಿಸಿ ಇರುವಾಗಲೇ ಹಚ್ಚಬೇಕು. ಅದರ ಒಂದು ದೊಡ್ಡ ಗುಣ ಏನೆಂದರೆ ಬಿಸಿ ಮತ್ತು ತೇವ ತಾಗಿಸಿದರೆ ಎಷ್ಟು ವರ್ಷ ಆದ ಮೇಲೂ ಮೆತ್ತಗಾಗುತ್ತದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮೂಲೆಗೆ ಸುತ್ತಿದೆವು. ಕಾಲು ಗಂಟೆ ಬಿಟ್ಟು ಆಚಾರ್ರು ಅಂಗೈಯಲ್ಲಿ ಮೆಲ್ಲಗೆ ತಟ್ಟಿದರು. ಮೂಲೆ ಬಿಟ್ಟುಕೊಂಡಿತು. ಅಂಟಿನ ವಾಸನೆಯ ಜೊತೆ ಬಜೆಯ ವಾಸನೆಯೂ ಬಂತು.

ಒಳಗೆ ಆ ಖಾನೆ ಮಾಡಿದ್ದ ಹಳೇ ಬಡಗಿಯ ಚೂರಿಯ ಗೆರೆಗಳು ಹಾಗೇ ಇದ್ದವು. ಗೇಜ್ ಅನ್ನುವ ಗೆರೆ ಹಾಕುವ ಸಾಧನದಲ್ಲಿ ಎಳೆದ ಬುಡದ ಗೆರೆ, ಅದನ್ನು ಬಾಲದ ಗೆರೆ ಒಂದು ಕಡೆ ಸ್ವಲ್ಪ ದಾಟಿ ಹೋಗಿದ್ದು. ಗುಳಿಯ ಆಳದಲ್ಲಿ ಉಳಿಯ ಗುರುತುಗಳು, ಅಲ್ಲಿ ನುಣ್ಣಗೆ ಮಾಡಿರಲೇ ಇಲ್ಲ. ಕಾಣದ ಕಡೆ, ತಾಗದ ಕಡೆ ಅವರು ಹೊತ್ತು ಕಳೆದಿಲ್ಲ. ತಾಗುವ ಪಕ್ಕಗಳು ಮಾತ್ರ ಕನ್ನಡಿ. ಎರಡೂ ಹಲಗೆಯ ಒಳಗೆ ಪೆನ್ಸಿಲಿನಲ್ಲಿ ೧೭ ಅಂತ ಬರೆದಿತ್ತು. ಹದಿನೇಳನೇ ಖಾನೆ. ಯಾವ ಹಲಗೆಗೆ ಯಾವುದು ಅಂತ ಅದಲು ಬದಲಾಗದ ಹಾಗೆ ಹಾಕಿಕೊಂಡ ಗುರುತು. ಮರಕ್ಕೆ ಮರಾನೇ ಅಳತೆ ಆದ ಮೇಲೆ ಹದಿನೇಳರ ಬಾಲ ಹದಿನೆಂಟರ ಗುಳಿಗೆ ಕೂರುವುದಿಲ್ಲ ಅಲ್ವಾ. ನಾನು ಆ ಹಲಗೆ ಹಿಡಿದು ತುಂಬ ಹೊತ್ತು ಕೂತಿದ್ದೆ.

ಬಿಚ್ಚಿದ್ದರಿಂದ ಖಾನೆಯ ಪೂರ್ತಿ ವ್ಯಾಕರಣ ಸಿಕ್ಕಿತು. ಮುಂದಿನ ಹಲಗೆ 18 ಮಿಲಿಮೀಟರ್ ದಪ್ಪ, ಪಕ್ಕದವು 10. ಬಾಲ 12 ಮಿಲಿಮೀಟರ್ ಒಳಗೆ ಹೋಗಿ ನಿಲ್ಲುತ್ತದೆ, ಮುಂದೆ 6 ಮಿಲಿಮೀಟರ್ ಮರ ಮುಚ್ಚಿಕೊಂಡಿರುತ್ತದೆ. ಹಾಗಾಗಿ ಎದುರಿನಿಂದ ನೋಡಿದರೆ ಜೋಡಣೆಯೇ ಕಾಣುವುದಿಲ್ಲ. ಇದನ್ನು ಕೊಯ್ಯುವುದು ಜಾಸ್ತಿ ಕಷ್ಟ. ಗರಗಸ ಆಚೆ ತನಕ ಹೋಗುವ ಹಾಗಿಲ್ಲ, ಒಳಮೂಲೆಯಿಂದ ಓರೆಯಾಗಿ ಅರ್ಧ ಕೊಯ್ಯಬಹುದು ಅಷ್ಟೆ. ಮಿಕ್ಕಿದ್ದೆಲ್ಲ ಉಳಿಯ ಕೆಲಸ, ಒಂದೊಂದೇ ಪದರ.

ತಳದ ಹಲಗೆ ಕೂರಲು ಮುಂದಿನ ಮತ್ತು ಎರಡೂ ಪಕ್ಕದ ಹಲಗೆಗಳ ಒಳಗಡೆ ಒಂದು ಗ್ರೂವ್, ಅಂದರೆ ಸಣ್ಣ ಕಾಲುವೆಯಂಥ ಗೀರು. ಇಲ್ಲಿ ನಾನು ಮೊದಲೇ ಒಂದು ಪೆಟ್ಟು ತಿಂದಿದ್ದೆ. ಅಭ್ಯಾಸಕ್ಕೆ ಅಂತ ನಾಲ್ಕೂ ಕಡೆ ಜೋಡಣೆ ಕಾಣುವ ಸಿಲ್ವರ್ ಓಕ್ ಪೆಟ್ಟಿಗೆ ಮಾಡುವಾಗ ಗ್ರೂವನ್ನು ಈ ತುದಿಯಿಂದ ಆ ತುದಿಗೆ ಎಳೆದುಬಿಟ್ಟೆ. ಜೋಡಿಸಿ ಅಂಟು ಒಣಗಿದ ಮೇಲೆ ನೋಡಿದರೆ ನಾಲ್ಕು ಮೂಲೆಯಲ್ಲೂ ಒಂದೊಂದು ಚೌಕದ ತೂತು. ಬಾಲದ ಮಧ್ಯೆ ಹಾದುಹೋದ ಗ್ರೂವ್ ಬಾಲದ ತುದಿಯಲ್ಲಿ ಆಚೆ ಬಂದಿತ್ತು. ಅದೇ ಮರದ ಸಣ್ಣ ತುಂಡು ಕೊಯ್ದು, ಎಳೆಯ ದಿಕ್ಕು ಹೊಂದಿಸಿ ತುಂಬಿದೆ. ಅಂಥ ಪೆಟ್ಟಿಗೆಯಲ್ಲಿ ಗ್ರೂವ್ ತುದಿಗೆ ಮುಂಚೆಯೇ ನಿಲ್ಲಬೇಕು. ಖಾನೆಯಲ್ಲಿ ಆ ತೊಂದರೆ ಇಲ್ಲ. ಗ್ರೂವ್ ಎಲ್ಲಕ್ಕಿಂತ ಕೆಳಗಿನ ಬಾಲದ ಮೂಲಕ ಹಾದುಹೋದರೆ ಸಾಕು, ಬಾಲದ ತುದಿ ಮುಂದಿನ ಹಲಗೆಯೊಳಗೆ ಮುಚ್ಚಿಹೋಗುತ್ತದೆ. ಆ ಹಳೇ ಬಡಗಿ ಹಾಗೇ ಮಾಡಿದ್ದರು. ಬಾಲಗಳನ್ನು ಎಲ್ಲಿ ಇಡಬೇಕು ಅಂತ ಯೋಚಿಸುವಾಗಲೇ ಗ್ರೂವ್ ಎಲ್ಲಿ ಬರುತ್ತದೆ ಅಂತ ನೋಡಿಕೊಂಡಿರಬೇಕು.

ಇನ್ನೊಂದು ವಿಷಯ. ಹಳೇ ಖಾನೆಯ ತಳದ ಹಲಗೆಗೆ ಅಂಟೇ ಹಾಕಿರಲಿಲ್ಲ. ಹಿಂದಿನ ಹಲಗೆಯ ಕೆಳಗೆ ತೂರಿಸಿ, ಹಿಂದೆ ಒಂದೇ ಒಂದು ಮೊಳೆ. ಯಾಕೆ ಅಂತ ಕೇಳಿದೆ.

"ಮರ ಉಸಿರಾಡ್ತದಮ್ಮ. ಕಟ್ಟಿಹಾಕಿದ್ರೆ ಸೀಳ್ತದೆ."

ಮನೆಗೆ ಬಂದು ಲೆಕ್ಕ ಹಾಕಿದೆ. ಹಸಿ ತೇಗ ಪೂರ್ತಿ ಒಣಗುವಷ್ಟರಲ್ಲಿ ಕಾಂಡದ ಉಂಗುರಗಳ ಗುಂಟ ಸುಮಾರು ನೂರಕ್ಕೆ 5.8 ಭಾಗ ಕುಗ್ಗುತ್ತದೆ, ಉಂಗುರಗಳಿಗೆ ಅಡ್ಡವಾಗಿ 2.5. ಉದ್ದಕ್ಕೆ ಲೆಕ್ಕಕ್ಕೆ ಸಿಗುವಷ್ಟು ಕುಗ್ಗುವುದಿಲ್ಲ. ಬೇರೆ ಎಷ್ಟೋ ಮರಕ್ಕೆ ಹೋಲಿಸಿದರೆ ಇದು ಕಡಿಮೆ, ತೇಗಕ್ಕೆ ಇಷ್ಟು ಬೆಲೆ ಇರುವುದಕ್ಕೆ ಇದೂ ಒಂದು ಕಾರಣ. ಖಾನೆಯ ನಾಲ್ಕು ಗೋಡೆಗಳ ಎಳೆ ಸುತ್ತಲೂ ಒಂದೇ ದಿಕ್ಕಿಗೆ ಓಡುತ್ತದೆ. ಊದಿದರೆ ನಾಲ್ಕೂ ಎತ್ತರಕ್ಕೆ ಒಟ್ಟಿಗೆ ಊದುತ್ತವೆ, ಮೂಲೆಗಳಿಗೆ ಜಗಳ ಇಲ್ಲ. ತಳ ಮಾತ್ರ ಬೇರೆ. ಅದರ ಎಳೆ ಎಡದಿಂದ ಬಲಕ್ಕೆ ಇದ್ದರೆ ಅದು ಹಿಂದೆ ಮುಂದೆ ಬೆಳೆಯುತ್ತದೆ. ಅದಕ್ಕೇ ಹಿಂದೆ ಬಾಗಿಲು ತೆರೆದಿಟ್ಟಿದ್ದು. ಪ್ಲೈವುಡ್ ತಳ ಆದರೆ ಈ ಭಯ ಇಲ್ಲ, ಅಂಟು ಹಾಕಬಹುದು. ನಾನು ಹಳೆಯದರ ಹಾಗೇ ತೇಗದ ಹಲಗೆಯನ್ನೇ ಹಾಕಿದೆ.

ಮೊದಲ ಖಾನೆಗೆ ಮರ ಸಿಕ್ಕಿದ್ದು ಕೆಡವಿದ ಮನೆಯೊಂದರ ಕಿಟಕಿಯ ಚೌಕಟ್ಟಿನಿಂದ. ಹಳೇ ಮೊಳೆ ಎಲ್ಲ ಹುಡುಕಿ ತೆಗೆದು ಮರ ನಯ ಮಾಡುವ ಹತ್ರಿ ಹೊಡೆದಾಗ ಒಳಗಿಂದ ಜೇನಿನ ಬಣ್ಣ. ಮುಂದಿನ ಹಲಗೆಯನ್ನು ಮೊದಲು ಬೀರುವಿನ ಬಾಯಿಗೆ ಬಿಗಿಯಾಗಿ ಕೂರುವ ಹಾಗೆ ಮಾಡಿಕೊಂಡೆ. ಪಕ್ಕದ ಹಲಗೆಗಳೂ ಬಾಯೊಳಗೆ ಜಾರಬೇಕು. ಖಾನೆ ಮಾಡಿ ಆಮೇಲೆ ಬಾಯಿಗೆ ಹೊಂದಿಸುವುದಲ್ಲ, ಬಾಯಿಗೆ ಹೊಂದಿದ ಹಲಗೆಗಳಿಂದ ಖಾನೆ ಮಾಡುವುದು. ನಾಲ್ಕು ಮೂಲೆಗೆ ಎರಡು ವಾರ ಹಿಡಿಯಿತು. ಅಂಟು ಹಚ್ಚಿದ ಮೇಲೆ ಹತ್ತು ನಿಮಿಷ ಮಾತ್ರ ಇರುತ್ತದೆ, ಅಷ್ಟರಲ್ಲಿ ಕ್ಲಾಂಪ್ ಹಾಕಿ ಮೂಲೆಗಳು ಸರಿಯಾಗಿವೆಯಾ ಅಂತ ನೋಡಬೇಕು. ಆಚಾರ್ರು ಒಂದು ಕಡ್ಡಿ ಕೊಟ್ಟು, ಈ ಮೂಲೆಯಿಂದ ಆ ಮೂಲೆಗೆ ಇಟ್ಟು ನೋಡಮ್ಮ, ಇನ್ನೆರಡು ಮೂಲೆಗೂ ಇಟ್ಟು ನೋಡು, ಎರಡೂ ಒಂದೇ ಬರಬೇಕು ಅಂದರು. ಎದುರು ಬಾಹುಗಳು ಸಮ ಇರುವ ಆಕೃತಿಯಲ್ಲಿ ಕರ್ಣಗಳೂ ಸಮ ಇದ್ದರೆ ಅದು ಆಯತ. 9ನೇ ತರಗತಿಗೆ ನಾನೇ ಸಾಧಿಸಿ ತೋರಿಸುವ ಪ್ರಮೇಯ. ಅಂಟು ಒಣಗುವ ಮುಂಚೆ ಅದು ಬೇಕಾಗಿದ್ದು ಅವತ್ತೇ ಮೊದಲು. ಒಂದು ಕಡೆ ಎರಡು ಮಿಲಿಮೀಟರ್ ಜಾಸ್ತಿ ಇತ್ತು. ಉದ್ದ ಇದ್ದ ಕರ್ಣದ ಎರಡೂ ತುದಿ ಹಿಡಿದು ಒತ್ತಿದೆ, ಸರಿಹೋಯಿತು.

ಅದು ಏಪ್ರಿಲ್. ಖಾನೆ ಬೀರುವಿನೊಳಗೆ ಜಾರಿದಾಗ ಒಳಗಿನ ಗಾಳಿ ಪುಸ್ ಅಂತ ಮೆಲ್ಲಗೆ ಆಚೆ ಬಂತು. ಎತ್ತರದಲ್ಲಿ ಕಾಲು ಮಿಲಿಮೀಟರ್ ಬಿಟ್ಟಿದ್ದೆ ಅಷ್ಟೆ. ಸಂದೇ ಕಾಣುತ್ತಿರಲಿಲ್ಲ, ಎಷ್ಟು ಖುಷಿಯಾಯಿತೆಂದರೆ ಸಂಬಂಧಿಕರಿಗೆಲ್ಲ ಫೋಟೋ ಕಳಿಸಿದೆ. ಆಚಾರ್ರಿಗೆ ತೋರಿಸಿದಾಗ ಮಾತ್ರ, "ಮಳೆ ಬರಲಿ, ನೋಡೋಣ" ಅಂದರು.

ಆಗಸ್ಟ್‌ನಲ್ಲಿ ಒಂದು ವಾರ ಬಿಡದೆ ಮಳೆ ಹಿಡಿಯಿತು. ಖಾನೆ ಸಿಕ್ಕಿಕೊಂಡಿತು, ಎಳೆದರೂ ಅಲುಗಾಡಲಿಲ್ಲ. ಪಕ್ಕದ ಹಲಗೆಯ ಎತ್ತರ 90 ಮಿಲಿಮೀಟರ್. ಮರದೊಳಗಿನ ತೇವ ನೂರಕ್ಕೆ ನಾಲ್ಕು ಏರಿದರೆ, ಹಲಗೆ ಕೊಯ್ದ ರೀತಿ ನೋಡಿಕೊಂಡು, ಅದು 0.3ರಿಂದ 0.7 ಮಿಲಿಮೀಟರ್ ಊದುತ್ತದೆ. ಲೆಕ್ಕ ನನ್ನ ಹತ್ತಿರವೇ ಇತ್ತು. ತಳದ ಹಲಗೆಗೆ ಹಾಕಿದ್ದೆ, ಪಕ್ಕದ ಹಲಗೆಗೆ ಹಾಕಿರಲಿಲ್ಲ. ಎಳೆದು ಎಳೆದು ಮೂಲೆಗೆ ಏನಾದರೂ ಆಗುತ್ತದೋ ಅಂತ ಹೆದರಿಕೆ. ಮೂಲೆ ಒಂಚೂರೂ ಬಿಡಲಿಲ್ಲ. ಬಾಲಗಳು ಹಿಡಿದುಕೊಂಡೇ ಇದ್ದವು. ಮಳೆ ನಿಂತು ನಾಲ್ಕು ದಿನ ಬಿಸಿಲು ಕಾಯ್ದ ಮೇಲೆ ಆಚೆ ಬಂತು. ಮೇಲಿನ ಅಂಚಿಗೆ ಹತ್ರಿ ಹಿಡಿದೆ, ಎರಡು ಸಲ ನೂಕಿ ಬಾಯಿಗೆ ಇಟ್ಟು ನೋಡುವುದು, ಮತ್ತೆ ಎರಡು ಸಲ. ಎಷ್ಟು ತೆಗೆಯಬೇಕು ಅಂತ ಸ್ಕೇಲ್ ಇಡಲಿಲ್ಲ.

ಆಗ ಅಪ್ಪ ಎದ್ದು ದೇವರ ಮನೆಯಿಂದ ಒಂದು ತುಂಡು ಮೇಣದಬತ್ತಿ ತಂದರು. ಖಾನೆಯನ್ನು ಬೋರಲು ಹಾಕಿ ಕೆಳ ಅಂಚಿಗೆ ಎರಡೂ ಕಡೆ ಉಜ್ಜಿದರು. ಪ್ರತಿ ಮಳೆಗಾಲಕ್ಕೆ ಮುಂಚೆ ಅಂಗಡಿಯಲ್ಲಿ 32ಕ್ಕೂ ಹೀಗೆ ಉಜ್ಜುತ್ತಿದ್ದೆ, ನಿನಗೆ ನೆನಪಿಲ್ವಾ ಅಂದರು. ನನಗೆ ನೆನಪಿರಲಿಲ್ಲ. ಖಾನೆ ಬೆರಳಲ್ಲಿ ನೂಕಿದರೆ ಒಳಗೆ ಹೋಗುವ ಹಾಗಾಯಿತು.

ಹೊರಗಡೆಗೆ ಮಾತ್ರ ಅರಗಿನ ಪಾಲಿಶ್ ಹಚ್ಚಿದ್ದೇನೆ. ಒಳಗೆ ಬರೀ ಮರ. ಅಗಸೆ ಎಣ್ಣೆ ಹಚ್ಚಿದರೆ ಮುಚ್ಚಿದ ಖಾನೆಯಲ್ಲಿ ಅದರ ವಾಸನೆ ವರ್ಷಗಟ್ಟಲೆ ನಿಲ್ಲುತ್ತದಂತೆ, ಗ್ರಂಥಿಗೆ ಸಾಮಾನಿಗೆ ಅದು ಆಗದು.

ಈಗ ಐದು ಖಾನೆ ಮುಗಿದಿವೆ. ಎರಡನೆಯದರಿಂದ ಎತ್ತರದಲ್ಲಿ ಮುಕ್ಕಾಲು ಮಿಲಿಮೀಟರ್ ಬಿಡುತ್ತಿದ್ದೇನೆ, ಬೇಸಿಗೆಯಲ್ಲಿ ಸಂದು ಕಾಣುತ್ತದೆ, ಕಾಣಲಿ. ಹದಿನೇಳನೇ ಖಾನೆಗೆ ಹಳೇ ಮುಂದಿನ ಹಲಗೆಯನ್ನೇ ಉಳಿಸಿಕೊಂಡು ಎರಡೂ ಪಕ್ಕದ ಹಲಗೆ ಹೊಸದಾಗಿ ಮಾಡಿದೆ. ಅಲ್ಲಿ ಗುಳಿಗಳು ಆಗಲೇ ಇದ್ದವು, ಆ ಬಡಗಿ ಕೊಯ್ದದ್ದು. ಮಾಮೂಲಿಗೆ ತಿರುಗಾಮುರುಗಾ, ಅವರ ಗುಳಿಗಳನ್ನು ಹಲಗೆಯ ಮೇಲಿಟ್ಟು ಒಳಗಿನಿಂದ ಚೂರಿಯಲ್ಲಿ ಗೆರೆ ಎಳೆದುಕೊಂಡು ನನ್ನ ಬಾಲ ಕೊಯ್ದೆ. ಅವರು ಬಲಗಡೆಯ ಒಂದು ಗುಳಿಯನ್ನು ಸ್ವಲ್ಪ ಓರೆ ಮಾಡಿದ್ದರು, ನನ್ನ ಬಾಲವೂ ಅಷ್ಟೇ ಓರೆ. ಒಳಗೆ ಅವರು ಬರೆದಿದ್ದ ೧೭ರ ಪಕ್ಕಕ್ಕೆ ಹೊಸ ಹಲಗೆಗಳ ಮೇಲೂ ೧೭ ಅಂತ ಬರೆದೆ.

ಮಿಕ್ಕ ಎರಡಕ್ಕೆ ಮರ ಯುಗಾದಿಯಿಂದ ಅಟ್ಟದ ಮೇಲೆ ಒಣಗುತ್ತಿದೆ, ನಡುನಡುವೆ ಕಡ್ಡಿ ಇಟ್ಟು ಜೋಡಿಸಿದ್ದೇನೆ. ಮಳೆ ನಿಲ್ಲಲಿ. ದೀಪಾವಳಿ ಕಳೆದ ಮೇಲೆ ಕೊಯ್ಯುತ್ತೇನೆ.